ಮುಖದ ಮೇಲೆ ಇಂಟು ಗುರುತು

ವಾರಪತ್ರಿಕೆಯ ಚಿತ್ರಕಥೆ ವಿಭಾಗವೆಂದರೆ ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಅಷ್ಟೇ. ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುವವನನ್ನು ಎಲ್ಲರೂ ಗೆರೆ ಎಂದು ಕರೆಯುತ್ತಿದ್ದರು, ಅದರ ಮೇಲೆ ಕುಂಚದಿಂದ ಕಪ್ಪು ಹಾಕುವವನನ್ನು ಮಸಿ ಎಂದು. ಎಲ್ಲಿ ಪೂರ್ತಿ ಕಪ್ಪು ತುಂಬಬೇಕೋ ಅಲ್ಲಿ ಗೆರೆ ಸಣ್ಣದೊಂದು ಇಂಟು ಗುರುತು ಹಾಕಿ ಕೊಡುತ್ತಿದ್ದ. ಇಂಟು ಕಂಡಲ್ಲಿ ಮಸಿ ತುಂಬುವುದು, ಯಾಕೆ ಎಂದು ಕೇಳುವ ಹಾಗಿಲ್ಲ. ಆ ಕಸುಬೇ ಹಾಗೆ.

ಇಬ್ಬರೂ ಸೇರಿ ಮಾಡುತ್ತಿದ್ದ ಧಾರಾವಾಹಿಯಲ್ಲಿ ಉಪಗ್ರಹ ರಿಪೇರಿಯ ಒಬ್ಬ ಮೆಕ್ಯಾನಿಕ್ಕು, ಅವನ ಮನೆಗೆ ಬಂದ ಒಂದು ಆಂಡ್ರಾಯ್ಡು, ಅಂದರೆ ಮನುಷ್ಯರೂಪದ ಯಂತ್ರ. ಅದಕ್ಕೂ ಗಂಡಸಿನದೇ ರೂಪ. ಇಬ್ಬರಿಗೂ ಪ್ರೀತಿ ಹುಟ್ಟುತ್ತದೆ. ಗಂಡಸಿಗೆ ಗಂಡಸೇ ಎಂದು ಸಂಪಾದಕಿ ಮೊದಲು ಮೂಗು ಮುರಿದಳು. ಪತ್ರಿಕೆ ಬಿಸಿ ಬಿಸಿಯಾಗಿ ಖರ್ಚಾಗತೊಡಗಿದ ಮೇಲೆ, ಐಡಿಯಾ ತನ್ನದೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು.

ಐಡಿಯಾ ಯಾರದಾದರೂ ಇರಲಿ, ಆಂಡ್ರಾಯ್ಡಿನ ಮಾತು ಮಾತ್ರ ಮಸಿಯದು. ಭಾನುವಾರ ಮಧ್ಯಾಹ್ನ ಗೆರೆ ಅವನ ಕೋಣೆಗೆ ಬರುತ್ತಿದ್ದ, ಬಿಸಿಲು ಇಳಿಯುವ ಮೊದಲೇ ಅಂಗಿ ತೊಟ್ಟು ಹೊರಡುತ್ತಿದ್ದ. ಬಾಗಿಲಲ್ಲಿ ನಿಂತು ಮಸಿ, "ಮತ್ತೆ ಯಾವತ್ತು ಬರ್ತೀಯ?" ಎನ್ನುತ್ತಿದ್ದ. ಮುಂದಿನ ಸಂಚಿಕೆಗೆ ಗೆರೆ ಬರೆದ ಕಂತಿನಲ್ಲಿ ಆಂಡ್ರಾಯ್ಡೂ ಬಾಗಿಲಲ್ಲಿ ನಿಂತು ಅದನ್ನೇ ಕೇಳಿತು. ಓದುಗರು ಹುಚ್ಚೆದ್ದು ಹೋದರು. ಕಾಲೇಜು ಹುಡುಗರು ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು. ಮಸಿಗೆ ಬೇಜಾರಾಗಲಿಲ್ಲ, ಎದೆ ಉಬ್ಬಿತು. ತನ್ನನ್ನು ಇಷ್ಟು ಗಮನವಿಟ್ಟು ಕೇಳಿಸಿಕೊಂಡವರು ಬೇರೆ ಯಾರಿದ್ದಾರೆ ಎಂದುಕೊಂಡ. ಪಾಪ, ಅವನ ಕಿವಿಗೆ ಬೇರೆಯವರು ಹೂವಿಡಬೇಕಾಗಿರಲಿಲ್ಲ, ಅವನೇ ಇಟ್ಟುಕೊಳ್ಳುತ್ತಿದ್ದ.

ಗೆರೆ ಒಂದು ಮಾತು ಕೊಟ್ಟಿದ್ದ. ಕೊನೆಯ ಕಂತಿನಲ್ಲಿ ಅವರಿಬ್ಬರೂ ಹಾಡಹಗಲು ಕೈ ಹಿಡಿದು ಬೀದಿಗೆ ಬರುತ್ತಾರೆ, ಆ ವಾರವೇ ತಾನೂ ಗಂಟುಮೂಟೆ ಕಟ್ಟಿಕೊಂಡು ಮಸಿಯ ಕೋಣೆಗೆ ಬಂದುಬಿಡುತ್ತೇನೆ ಎಂದು. ಮಸಿ ಗೋಡೆಗೆ ಸುಣ್ಣ ಹೊಡೆಸಿದ. ಬೀಗಕ್ಕೆ ಇನ್ನೊಂದು ಕೀಲಿ ಮಾಡಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಕೊನೆಯ ಪುಟ ಮೇಜಿಗೆ ಬಂತು. ಅದರಲ್ಲಿ ಬೀದಿಯೂ ಇರಲಿಲ್ಲ, ಕೈ ಹಿಡಿಯುವುದೂ ಇರಲಿಲ್ಲ. ನಾನು ಕಲಿಸಿದ್ದನ್ನೇ ನೀನು ಒಪ್ಪಿಸುತ್ತೀಯ, ಇದು ಪ್ರೀತಿಯಲ್ಲ ಎಂದು ಹೇಳಿ ಮೆಕ್ಯಾನಿಕ್ಕು ಆಂಡ್ರಾಯ್ಡಿನ ಬೆನ್ನಿನಿಂದ ಬ್ಯಾಟರಿ ಕೀಳುತ್ತಾನೆ. ಕೊನೆಯ ಚೌಕದಲ್ಲಿ ಅವನು ಹೊರಟಿದ್ದಾನೆ, ಅದು ಮೂಲೆಯಲ್ಲಿ ಕೂತಿದೆ. ಅದರ ಮುಖದ ನಟ್ಟನಡುವೆ ಇಂಟು ಗುರುತು.

ತಪ್ಪಿ ಹಾಕಿದೆಯಾ ಎಂದು ಮಸಿ ಕೇಳಿದ. ಗೆರೆ ತಲೆಯೆತ್ತದೆ, ತಪ್ಪಿಲ್ಲ, ತುಂಬು ಎಂದ. ಅದೇ ಉಸಿರಿನಲ್ಲಿ ತನಗೆ ಮದುವೆ ಗೊತ್ತಾಗಿದೆ ಎಂದೂ, ಅಮ್ಮ ನೋಡಿದ ಹುಡುಗಿ ಒಳ್ಳೆಯವಳೆಂದೂ, ಪುಟ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕೆಂದೂ ಹೇಳಿದ.

ಗೆರೆಯ ಎಡಗಿವಿಯ ಹಿಂದೆ ಒಂದು ಗಾಯದ ಕಲೆಯಿತ್ತು, ಬಿದಿಗೆಯ ಚಂದ್ರನ ಹಾಗೆ. ಅದು ಕಾಣದಿರಲೆಂದೇ ಅವನು ಆ ಕಿವಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದ. ಆ ಕಲೆ ಗೊತ್ತಿದ್ದದ್ದು ಇಬ್ಬರಿಗೆ, ಹೆತ್ತ ತಾಯಿಗೆ ಮತ್ತು ಮಸಿಗೆ. ಮಗನ ಚಿತ್ರಕಥೆಯನ್ನು ಆ ತಾಯಿ ಒಂದು ವಾರವೂ ತಪ್ಪಿಸಿದವಳಲ್ಲ. ಮಸಿ ಎಲ್ಲಕ್ಕಿಂತ ಸಪೂರ ಕುಂಚ ತೆಗೆದುಕೊಂಡು, ಬೆನ್ನು ಹಾಕಿ ಹೊರಟ ಮೆಕ್ಯಾನಿಕ್ಕಿನ ಎಡಗಿವಿಯ ಹಿಂದೆ ಆ ಕಲೆಯನ್ನು ಎಳೆದ. ಓದಲಿ, ಅವಳೂ ಓದಲಿ. ಆಮೇಲೆ ಹಲ್ಲು ಕಚ್ಚಿಕೊಂಡು ಆಂಡ್ರಾಯ್ಡಿನ ಮುಖಕ್ಕೆ ಕಪ್ಪು ತುಂಬಿದ. ಕಣ್ಣು ಹೋಯಿತು, ಬಾಯಿ ಹೋಯಿತು.

ಗೆರೆ ಪುಟವನ್ನು ಬೆಳಕಿಗೆ ಹಿಡಿದು ನೋಡಿದ. ಕಲೆ ಕಣ್ಣಿಗೆ ಬಿತ್ತು. ಸಿಟ್ಟು ಮಾಡಲಿಲ್ಲ. ಬಿಳಿ ಬಣ್ಣದ ಸೀಸೆ ತೆಗೆದು ಅದರ ಮೇಲೆ ಒಂದೇ ಒಂದು ಸಲ ಕುಂಚ ಆಡಿಸಿ, ಉಫ್ ಎಂದು ಊದಿ ಒಣಗಿಸಿದ.

"ಇಲ್ಲಿ ಮಸಿ ಸಿಡಿದಿತ್ತು. ಕೈ ಜೋಪಾನ," ಎಂದ. ಆಮೇಲೆ ಆ ಕಪ್ಪು ಮುಖವನ್ನು ಬೆರಳಿನಿಂದ ಸವರಿ, ಎಲ್ಲೂ ಒಂದು ಬಿಳಿ ಚುಕ್ಕೆ ಉಳಿದಿಲ್ಲ, ಇದಕ್ಕೆ ನಿನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಹೊಗಳಿದ.

ಜೇಬಿನೊಳಗೆ ಕೀಲಿ ಮಸಿಯ ಅಂಗೈಗೆ ಒತ್ತುತ್ತಿತ್ತು.

ಗೆರೆ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಮುಖ ಸಪ್ಪಗೆ ಮಾಡ್ಕೋಬೇಡ. ಯಂತ್ರಕ್ಕೇನು, ಬ್ಯಾಟರಿ ಹಾಕಿದ್ರೆ ಮತ್ತೆ ಏಳುತ್ತೆ. ಎರಡನೇ ಭಾಗ ಬರೆಯೋದಿದೆ. ಈ ಮದುವೆ ಗಲಾಟೆ ಒಂದು ಮುಗೀಲಿ, ಬರ್ತೀನಿ."

ಉಗಿಯಬೇಕಿತ್ತು. ಎದ್ದು ಹೋಗಬೇಕಿತ್ತು. ಮಸಿಗೂ ಅದು ಗೊತ್ತಿತ್ತು.

"ಯಾವತ್ತು ಬರ್ತೀಯ?" ಎಂದು ಕೇಳಿದ. ಈ ಸಲ ಅವನ ದನಿ ಒಡೆದು, ಅರ್ಧಕ್ಕೇ ನಿಂತು, ಆಮೇಲೆ ಮುಂದೆ ಹೋಯಿತು.

ಗೆರೆಯ ಕಣ್ಣು ಅರಳಿತು. ಕಿವಿಯಿಂದ ಪೆನ್ಸಿಲ್ ತೆಗೆದು ಖಾಲಿ ಹಾಳೆಯೊಂದನ್ನು ಎಳೆದುಕೊಂಡ.

"ತಡಿ. ಅದೇ ಥರ ಇನ್ನೊಂದ್ಸಲ ಹೇಳು."

ಮಸಿ ಇನ್ನೊಂದು ಸಲ ಹೇಳಿದ.