ಸುಣ್ಣ ಹಿಡಿದ ಪೆಟ್ಟಿಗೆ

"ನಂದೇ ತಪ್ಪಮ್ಮಾ," ಎಂದಳು ಓಬಳಮ್ಮ. "ಒದ್ದೆ ಬಟ್ಟೇಲಿ ಒಂದ್ಸಲ ಒರೆಸಿದ್ದೆ. ಅದಕ್ಕೇ ಕೆಟ್ಟೋಗೈತೆ."

ಹರಿಣಿ ಗೋಡೆಯ ಮೇಲಿನ ಪೆಟ್ಟಿಗೆಯ ಮುಚ್ಚಳ ಬಿಚ್ಚುತ್ತಿದ್ದಳು. ರೇಷ್ಮೆ ಹುಳು ಮನೆಯಲ್ಲಿ ಬಿಸಿ ಏರಿದರೆ ತಾನಾಗಿಯೇ ಫ್ಯಾನ್ ಹಾಕುವ ಪೆಟ್ಟಿಗೆ ಅದು. ಚಿಕ್ಕಬಳ್ಳಾಪುರದ ಸಣ್ಣ ಕಂಪನಿಯೊಂದರಲ್ಲಿ ಅದರ ನಕ್ಷೆ ಬರೆದವಳು ಅವಳೇ. ನಿನ್ನೆ ಮಧ್ಯಾಹ್ನ ಫ್ಯಾನ್ ತಿರುಗಲಿಲ್ಲ. ಪೆಟ್ಟಿಗೆಯನ್ನು ನಂಬಿ ಓಬಳಮ್ಮ ನೆಂಟರ ಮನೆಯ ನಾಮಕರಣಕ್ಕೆಂದು ಶಿಡ್ಲಘಟ್ಟಕ್ಕೆ ಹೋಗಿದ್ದಳು. ಸಂಜೆ ಬಂದು ಬಾಗಿಲು ತೆಗೆದರೆ, ಇನ್ನು ಎರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಸೊಪ್ಪಿನ ಮೇಲೆ ಸತ್ತು ಮೆತ್ತಗೆ ಬಿದ್ದಿದ್ದವು. ಗಂಡ ರಾಮಾಂಜಿನಪ್ಪ ಆಗಿನಿಂದ ಅವಳ ಜೊತೆ ಮಾತು ಬಿಟ್ಟಿದ್ದ. ಈಗಲೂ ಹೊರಗೆ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ.

ಒಳಗೆ ನೀರಿನ ಗುರುತೇ ಇರಲಿಲ್ಲ. ಹುಳು ಜ್ವರಕ್ಕೆ ಕೂತು ಪೊರೆ ಬಿಡುವಾಗ ಎರಚುವ ಸುಣ್ಣದ ಪುಡಿ ಸೆನ್ಸರ್ ಮೇಲೆ ಗಟ್ಟಿಯಾಗಿ ಕೂತಿತ್ತು. ಅದರ ತಂತಿ ಹಸಿರುಗಟ್ಟಿ ತುಂಡಾಗಿತ್ತು.

ಎರಡು ವರ್ಷದ ಹಿಂದೆ, ಪೆಟ್ಟಿಗೆ ಇನ್ನೂ ಕಾಗದದ ಮೇಲಿದ್ದಾಗ, ಕಂಪನಿಯ ಹಳೆಯ ಫಿಟ್ಟರ್ ವೆಂಕಟರವಣಪ್ಪ ಇದನ್ನೇ ಹೇಳಿದ್ದ. ಅವನ ಮನೆಯಲ್ಲೂ ಹುಳು ಸಾಕುತ್ತಿದ್ದರು. ಸುಣ್ಣ ಹೋಗದ ಹಾಗೆ ಮುಚ್ಚಬೇಕು, ಏನಾದರೂ ಕೆಟ್ಟರೆ ಫ್ಯಾನ್ ನಿಲ್ಲಬಾರದು, ತಿರುಗುತ್ತಲೇ ಇರಬೇಕು ಎಂದಿದ್ದ. ಹರಿಣಿಗೂ ಅದು ಸರಿ ಅನ್ನಿಸಿತ್ತು. ಆದರೆ ಪೆಟ್ಟಿಗೆಯನ್ನು ತೋರಿಸಬೇಕಿದ್ದ ಕೃಷಿ ಮೇಳಕ್ಕೆ ಮೂರೇ ವಾರ ಉಳಿದಿತ್ತು. ಮುಂದಿನ ಮಾದರಿಯಲ್ಲಿ ನೋಡೋಣ ಎಂದಳು. ಆಮೇಲೆ ಯಾರೂ ನೋಡಲಿಲ್ಲ.

ದೂರಿನ ಹಾಳೆಯಲ್ಲಿ ಕಾರಣ ಬರೆಯಬೇಕಿತ್ತು. 'ಗ್ರಾಹಕರು ನೀರು ತಾಗಿಸಿದ್ದಾರೆ' ಎಂದು ಅವಳ ಪೆನ್ನು ಬರೆದೇಬಿಟ್ಟಿತು.

ಓಬಳಮ್ಮ ಪೆನ್ನನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬಾರದು. "ಬರ್ಕೊಳ್ಳಿ, ಪರವಾಗಿಲ್ಲ," ಎಂದು ದನಿ ತಗ್ಗಿಸಿದಳು. "ನಮ್ಮ ಯಜಮಾನ್ರಿಗೆ ಮಾತ್ರ ಹೇಳ್ಬೇಡಿ."

ಹರಿಣಿಯ ಕಿವಿ ಬಿಸಿಯಾಯಿತು. ಬರೆದದ್ದನ್ನು ಹೊಡೆದುಹಾಕಿ ಜಗಲಿಗೆ ಬಂದಳು. ರಾಮಾಂಜಿನಪ್ಪನ ಮುಖ ನೋಡುವ ಧೈರ್ಯವಾಗದೆ ಅವನ ಹೆಗಲ ಮೇಲಿನ ಟವೆಲ್ಲಿಗೆ ಹೇಳಿದಳು:

"ತಪ್ಪು ಇವರದಲ್ಲ, ನಂದು. ಹೀಗಾಗಬಹುದು ಅಂತ ನನಗೆ ಮೊದಲೇ ಗೊತ್ತಿತ್ತು."

ಅವನು ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಓಬಳಮ್ಮ ಕೇಳಿದಳು: "ಗೊತ್ತಿತ್ತಾ?"

ಹರಿಣಿ ಹೌದೆಂದು ತಲೆಯಾಡಿಸಿದಳು. ಬೈಯುತ್ತಾಳೆಂದು ಕಾದಳು. ಓಬಳಮ್ಮ ಒಳಗೆ ಹೋಗಿ, ಸತ್ತ ಹುಳು ತುಂಬಿದ್ದ ಮಂಕರಿಯನ್ನು ಬಾಗಿಲವರೆಗೆ ಎಳೆದು ತಂದಳು. ರಾಮಾಂಜಿನಪ್ಪ ಎದ್ದು ಇನ್ನೊಂದು ಬದಿ ಹಿಡಿದ.

ಇಬ್ಬರೂ ಅದನ್ನು ಎತ್ತಿಕೊಂಡು ಹೊರಟಾಗ ಹರಿಣಿ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.