ಉತ್ತರದ ಗೋಡೆಗೆ ಪಾಚಿ

ಅವೆನೀರ್ ಮೂರ್ಖನೇನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆ ವರ್ಷದ ಅಕ್ಟೋಬರಿನಲ್ಲಿ ಅವನು ಮಾಡಿಕೊಂಡ ಕೆಲಸ ಕೇಳಿದವರು ಬೇರೇನೂ ಹೇಳುವುದಿಲ್ಲ. ಮೂವತ್ತು ವರ್ಷ ಸೂಖೊನಾ ನದಿಯಲ್ಲಿ ದಿಮ್ಮಿಗಳ ತೆಪ್ಪ ನಡೆಸಿದವನು ಅವನು. ಪೈನ್ ಮರವನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಒಳಗೆ ಗಟ್ಟಿಯೋ ಟೊಳ್ಳೋ ಹೇಳುತ್ತಿದ್ದ. ಅರವತ್ತು ದಾಟಿದ ಮೇಲೆ ರುಫೀನಾಳನ್ನು ಮದುವೆಯಾದ. ಅದು ಅವನು ಬಾಳಿನಲ್ಲಿ ಮಾಡಿದ ಅತ್ಯಂತ ಬುದ್ಧಿವಂತ ಕೆಲಸವೆಂದು ಊರಿಗೆ ಊರೇ ಒಪ್ಪಿಕೊಂಡಿತ್ತು.

ರುಫೀನಾ ಪಟ್ಟಣದ ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ನಿವೃತ್ತಳಾದವಳು. ಮೊದಲ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಅವಳ ದನಿ ದೊಡ್ಡದು, ನಗು ಇನ್ನೂ ದೊಡ್ಡದು, ಎದೆ ಮಾತ್ರ ಹಿಟ್ಟಿನ ಧೂಳು ಕುಡಿದು ಸೋತಿತ್ತು. ಅವೆನೀರನ ಮನೆಗೆ ಬಂದ ಮೊದಲ ಚಳಿಗಾಲವನ್ನು ಹೇಗೋ ಕೆಮ್ಮುತ್ತಾ ಕಳೆದಳು. ಎರಡನೆಯ ಚಳಿಗಾಲ ಅವಳನ್ನು ಹಾಸಿಗೆ ಹಿಡಿಸಿತು.

ಅದಕ್ಕೆ ಕಾರಣ ಅವೆನೀರನ ಪ್ರೀತಿಯೇ. ಮನೆ ಅವನ ತಾತ ಕಟ್ಟಿದ್ದು. ಇಡೀ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವಿನ ಸಂದಿಗಳಿಗೆ ಜೌಗಿನ ಪಾಚಿ ತುಂಬಿದ ಗೋಡೆಗಳು. ವರ್ಷಗಳಿಂದ ಹಕ್ಕಿಗಳು ಗೂಡಿಗೆಂದು ಪಾಚಿ ಎಳೆದೊಯ್ದು, ಉತ್ತರದ ಗೋಡೆಯಲ್ಲಿ ಗಾಳಿ ಸೀಟಿ ಹೊಡೆಯುತ್ತಿತ್ತು. ಒಲೆ, ಮೇಜು, ಬಾಗಿಲು ಬಿಟ್ಟರೆ ಮಂಚಕ್ಕೆ ಉಳಿದಿದ್ದು ಆ ಗೋಡೆಯೊಂದೇ. ಹೆಂಡತಿ ಬೆಚ್ಚಗಿರಲಿ ಎಂದು ಅವನು ಗೋಡೆಯ ಒಳಮೈಗೆ ಥರ್ಮಾಕೋಲ್ ಹಲಗೆ ಬಡಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಪಟ್ಟಿ ಅಂಟಿಸಿದ. ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ಹಬೆ, ಇಬ್ಬರ ಉಸಿರು, ಎಲ್ಲವೂ ಹೇಗೋ ಆ ಹಾಳೆಯ ಹಿಂದೆ ಹೋಗಿ ಮರದ ಮೇಲೆ ನೀರಾಯಿತು. ನೀರು ಹೆಪ್ಪುಗಟ್ಟಿತು, ಮಾರ್ಚಿನಲ್ಲಿ ಕರಗಿತು, ಮಂಚದ ಹಿಂದೆ ಕಪ್ಪು ಬೂಷ್ಟು ಹಬ್ಬಿತು. ರುಫೀನಾ ನ್ಯುಮೋನಿಯಾ ಎಂದು ಐದು ವಾರ ಆಸ್ಪತ್ರೆಯಲ್ಲಿ ಮಲಗಿದಳು. ಮರಕ್ಕೂ ಉಸಿರಾಡಲು ಬಿಡಬೇಕು ಎಂಬುದು ತೆಪ್ಪ ನಡೆಸಿದವನಿಗೆ ಗೊತ್ತಿಲ್ಲದ ವಿಷಯವೇ? ಗೊತ್ತಿತ್ತು. ಆದರೆ ಪಕ್ಕದಲ್ಲಿ ಒಬ್ಬಳು ರಾತ್ರಿಯೆಲ್ಲ ಕೆಮ್ಮುತ್ತಿದ್ದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಬೇಸಿಗೆಯಲ್ಲಿ ಅದನ್ನೆಲ್ಲ ಕಿತ್ತು ಬಿಸಾಕಿದ. ದಿಮ್ಮಿಗಳು ಕೆಟ್ಟಿರಲಿಲ್ಲ, ಅವನ ಪುಣ್ಯ. ಗೋಡೆ ಬಿಸಿಲಿಗೆ ಚೆನ್ನಾಗಿ ಒಣಗಿತು. ಸೆಪ್ಟೆಂಬರ್ ಕೊನೆಯಲ್ಲಿ ರುಫೀನಾ ಡಾಕ್ಟರಿಗೆ ಎದೆ ತೋರಿಸಿಕೊಂಡು ಬರಲು ಪಟ್ಟಣಕ್ಕೆ, ತಂಗಿ ಕಲೇರಿಯಾಳ ಮನೆಗೆ ಹೊರಟು ನಿಂತಳು.

"ನೋಡು ವೇನ್ಯಾ," ಎಂದು ಗಂಡನನ್ನು ಮುದ್ದಿನ ಹೆಸರಿನಿಂದ ಕರೆದಳು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ಪೊಕ್ರೋವ್ ಹಬ್ಬಕ್ಕೆ ಮುಂಚಿನ ಶನಿವಾರ ಬರ್ತೀನಿ. ಗೋಡೆ ಒಣಗಿದ್ದು ಗಾಳಿ ನಿಂತಿದ್ರೆ ಇರ್ತೀನಿ. ಇಲ್ಲಾಂದ್ರೆ ಮಂಗಳವಾರದ ಬಸ್ಸಿಗೆ ವಾಪಸ್ಸು, ಚಳಿಗಾಲ ಕಲೇರಿಯಾ ಮನೇಲಿ. ಅಲ್ಲಿ ಗೋಡೆಗೇ ಬಿಸಿನೀರಿನ ಕೊಳವೆ ಇದೆ. ಕೋಪ ಮಾಡ್ಕೋಬೇಡ."

"ನಾನ್ಯಾಕೆ ಕೋಪ ಮಾಡ್ಕೊಳ್ಳಲಿ?"

"ಮೂತಿ ನೋಡಿದ್ರೆ ಗೊತ್ತಾಗಲ್ವಾ?"

ಬಸ್ಸು ಹೊರಟಿತು. ಅಲ್ಲಿ ಚಳಿಗಾಲವೆಂದರೆ ಏಳು ತಿಂಗಳು. ಅವೆನೀರ್ ಬೆರಳು ಮಡಚಿ ಎಣಿಸಿದ. ಅವಳು ಬರುವುದಕ್ಕೆ ಮುಂಚೆ ಹದಿನಾಲ್ಕು ವರ್ಷ ಆ ಮನೆಯಲ್ಲಿ ಒಬ್ಬನೇ ಇದ್ದ, ಒಂದು ದಿನವೂ ಬೇಜಾರು ಎಂದವನಲ್ಲ. ಈಗ ಏಳು ತಿಂಗಳನ್ನು, ಕಡಿಮೆಯಾದೀತೇನೋ ಎಂದು ಮತ್ತೆ ಮತ್ತೆ ಎಣಿಸಿದ.

ಜೌಗಿಗೆ ಹೋಗಿ ಎಂಟು ಗೋಣಿ ಪಾಚಿ ತಂದ. ಒಣಗಿಸೋಣ ಎಂದರೆ ಮಳೆ ಹಿಡಿಯಿತು. ಒಂದು ವಾರ ಬಿಡದೆ ಸುರಿಯಿತು. ಒದ್ದೆ ಪಾಚಿ ತುಂಬಿದರೆ ಹಳೆಯ ಕಥೆಯೇ. ಅವನು ಗೋಣಿಗಳನ್ನು ಇಟ್ಟಿಗೆಯ ದೊಡ್ಡ ಒಲೆಯ ಬೆಚ್ಚಗಿನ ಕಟ್ಟೆಯ ಮೇಲಿಟ್ಟು, ಕೆಳಗಿಟ್ಟು, ಮಗುವಿನ ಬಟ್ಟೆ ಮಗುಚುವಂತೆ ಮಗುಚುತ್ತಾ ಕೂತ. ಮಳೆ ನಿಂತಾಗ ಗುರುವಾರ. ಶನಿವಾರಕ್ಕೆ ಉಳಿದದ್ದು ಎರಡೇ ದಿನ.

ಈಗ ಒಂದು ವಿಷಯ ಹೇಳಬೇಕು. ದಿಮ್ಮಿ ಮನೆಗೆ ಪಾಚಿ ತುಂಬುವುದಕ್ಕೆ ಒಂದು ಕ್ರಮವಿದೆ. ಕೆಳಗಿನ ಸಂದಿಯಿಂದ ಶುರುಮಾಡಬೇಕು. ಒಂದು ಸಾಲನ್ನು ಮನೆಯ ಸುತ್ತ, ನಾಲ್ಕೂ ಗೋಡೆಗೆ ಮುಗಿಸಿ, ಆಮೇಲೆ ಅದರ ಮೇಲಿನ ಸಾಲಿಗೆ ಹೋಗಬೇಕು. ಯಾಕೆಂದರೆ ಕೊಡತಿಯಿಂದ ಬಡಿದು ತುಂಬಿದ ಪಾಚಿ ಮೇಲಿನ ದಿಮ್ಮಿಯನ್ನು ಒಂದಿಷ್ಟು ಎತ್ತುತ್ತದೆ. ಹನ್ನೆರಡು ಸಾಲು ಮುಗಿದಾಗ ಇಡೀ ಮನೆ ನಾಲ್ಕು ಬೆರಳು ಎತ್ತರವಾಗಿರುತ್ತದೆ. ಆ ಕಡೆಯವರಿಗೆ ಇದು ನಡೆಯಲು ಕಲಿತ ಹಾಗೆ ಬರುವ ವಿದ್ಯೆ.

ಅವೆನೀರ್ ಗುರುವಾರ ಬೆಳಗ್ಗೆ ಕೊಡತಿ ಹಿಡಿದು ಉತ್ತರದ ಗೋಡೆಯ ಮುಂದೆ ನಿಂತ. ಸುತ್ತ ಹೋದರೆ ಎರಡು ದಿನಕ್ಕೆ ಆರು ಸಾಲೂ ಮುಗಿಯುವುದಿಲ್ಲ, ಅವಳ ಮಂಚದ ಹತ್ತಿರ ಗಾಳಿ ಹಾಗೇ ಉಳಿಯುತ್ತದೆ. ಇದೊಂದು ಗೋಡೆ ಮೇಲಿನವರೆಗೆ ಮುಗಿಸಿಬಿಡೋಣ, ಉಳಿದದ್ದು ಅವಳು ಬಂದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡ. ಎರಡು ದಿನ ಊಟ ತಿಂಡಿ ಬಿಟ್ಟು ಬಡಿದ. ಒಂದು ಎಳೆ ಗಾಳಿಯೂ ನುಸುಳಬಾರದೆಂದು ಬೇರೆಯವರು ಎರಡು ಪೆಟ್ಟು ಹಾಕುವಲ್ಲಿ ಐದು ಪೆಟ್ಟು ಹಾಕಿದ. ಶುಕ್ರವಾರ ಹೊತ್ತು ಮುಳುಗುವಾಗ ಹನ್ನೆರಡನೆಯ ಸಾಲು ಮುಗಿಯಿತು. ಒಳಗೆ ಬಂದು ಗೋಡೆಯ ಹತ್ತಿರ ಮೇಣದಬತ್ತಿ ಹಿಡಿದ. ಜ್ವಾಲೆ ಅಲುಗಲಿಲ್ಲ. ಅಂದು ಅವನಷ್ಟು ಸುಖಿ ಆ ನದಿಯ ಎರಡೂ ದಡದಲ್ಲಿ ಇರಲಿಲ್ಲ.

ಶನಿವಾರ ಬೆಳಗ್ಗೆ ಬಾಗಿಲು ತೆಗೆಯಲು ಸ್ವಲ್ಪ ತಿಣುಕಬೇಕಾಯಿತು. ಮಳೆಗೆ ಉಬ್ಬಿರಬೇಕು ಎಂದುಕೊಂಡ. ಒಲೆ ಹೊತ್ತಿಸಿ, ಮಾಂಸದ ಸೂಪಿನ ಮಡಕೆ ಅದರೊಳಗಿಟ್ಟು, ಬಾಗಿಲನ್ನು ಭುಜ ಕೊಟ್ಟು ತಳ್ಳಿ ಮುಚ್ಚಿ, ಬಸ್ಸಿಗೆ ಹೋದ.

ರುಫೀನಾ ಇಳಿದಳು. ಮುಖದಲ್ಲಿ ಕಳೆ ಬಂದಿತ್ತು. "ಕ್ಷೌರ ಮಾಡ್ಕೊಂಡಿದ್ದೀಯಾ! ಯಾರಾದ್ರೂ ಸತ್ರಾ?" ಎಂದು ಕೇಳಿ ಅವನ ಕೆನ್ನೆಗೆ ಮುತ್ತಿಟ್ಟಳು. ಇಬ್ಬರೂ ಮನೆಗೆ ಬಂದರು. ಬಾಗಿಲು ತೆಗೆಯಲಿಲ್ಲ. ಎಳೆದ, ತಳ್ಳಿದ, ಒದ್ದ. ಜಪ್ಪಯ್ಯ ಅನ್ನಲಿಲ್ಲ. ಸದ್ದು ಕೇಳಿ ಪಕ್ಕದ ಮನೆಯ ಬಡಗಿ ಜೊಸೀಮ ಬೇಲಿಯ ಹತ್ತಿರ ಬಂದು, ಮನೆಯನ್ನು ಒಮ್ಮೆ ನೋಡಿ, ತಲೆ ವಾಲಿಸಿ ಮತ್ತೊಮ್ಮೆ ನೋಡಿದ.

"ಅವೆನೀರ್ ಇಲ್ಯಿಚ್, ನಿಮ್ಮನೆ ಯಾಕೋ ಟೋಪಿ ಓರೆ ಮಾಡ್ಕೊಂಡು ನಿಂತಿದೆಯಲ್ಲ. ಕುಡಿದಿದೆಯಾ?"

ಅವೆನೀರ್ ಹಿಂದಕ್ಕೆ ಹೆಜ್ಜೆ ಇಟ್ಟು ನೋಡಿದ. ಛಾವಣಿ ಉತ್ತರದಲ್ಲಿ ಮೇಲೆ, ದಕ್ಷಿಣದಲ್ಲಿ ಕೆಳಗೆ. ಉತ್ತರದ ಮೂಲೆಯ ಹತ್ತಿರವೇ ಇದ್ದ ಬಾಗಿಲಿನ ಚೌಕಟ್ಟು ಸೊಟ್ಟಗಾಗಿ ಹಲಗೆಯನ್ನು ಕಚ್ಚಿಕೊಂಡಿತ್ತು. ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ಒಂದೇ ಗೋಡೆ ತುಂಬಿದ್ರಾ?" ಜೊಸೀಮನಿಗೆ ನಂಬಲಾಗಲಿಲ್ಲ. "ನೀವಾ? ಹನ್ನೆರಡೂ ಸಾಲಾ?"

"ಹೋಗಯ್ಯಾ, ನಿನ್ನ ಕೆಲಸ ನೋಡ್ಕೋ."

"ಏಣಿ ತರ್ತೀನಿ ಇರಿ. ಕಿಟಕೀಲಿ ಹೋಗ್ಬೇಕು ನೀವು, ಕಳ್ಳರ ಥರ."

ಅವನು ದಕ್ಷಿಣದ ಕಿಟಕಿಗೆ ಏಣಿ ಇಟ್ಟ. ಅವೆನೀರ್ ಮೊದಲು ಒಳಗಿಳಿದು ಹೆಂಡತಿಯ ಕೈ ಹಿಡಿದೆಳೆದ, ಜೊಸೀಮ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಾ ಹಿಂದಿನಿಂದ ಆಸರೆ ಕೊಟ್ಟ. ಅವಳ ಚೀಲದಿಂದ ನೂಲಿನ ಉಂಡೆ ನೆಲಕ್ಕೆ ಬಿದ್ದು, ಇಳಿಜಾರಿನಲ್ಲಿ ಉರುಳುತ್ತಾ ದಕ್ಷಿಣದ ಗೋಡೆಗೆ ಹೋಗಿ ತಾಗಿತು. ರುಫೀನಾ ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಸೀದಾ ಉತ್ತರದ ಗೋಡೆಗೆ ನಡೆದಳು. ಮಂಚ ಸರಿಸಿ ಅಂಗೈ ಒತ್ತಿದಳು, ಆಮೇಲೆ ಕೆನ್ನೆ ಒತ್ತಿದಳು. ಗೋಡೆ ಒಣಗಿತ್ತು. ಗಾಳಿಯ ಸುಳಿವೂ ಇರಲಿಲ್ಲ.

"ಇದು ಚೆನ್ನಾಗಿ ಮಾಡಿದ್ದೀಯ," ಎಂದಳು. ಆಮೇಲೆ ನಗು ತಡೆಯಲಾಗದೆ ಮಂಚದ ಮೇಲೆ ಕುಸಿದಳು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕಳು. ಅವೆನೀರನಿಗೆ ನಗು ಬರಲಿಲ್ಲ. ಹಿಂದಿನ ವರ್ಷ ಅವಳನ್ನು ಬೂಷ್ಟಿನಲ್ಲಿ ಮಲಗಿಸಿದೆ, ಈ ವರ್ಷ ಕಿಟಕಿ ಹತ್ತಿಸಿದೆ. ಬುದ್ಧಿ ಇದ್ದ ಯಾವ ಹೆಂಗಸು ಇಂಥವನ ಜೊತೆ ಚಳಿಗಾಲ ಕಳೆಯುತ್ತಾಳೆ? ಇರು ಎಂದು ಕೇಳುವ ಮುಖ ತನಗೆ ಎಲ್ಲಿದೆ ಎನ್ನಿಸಿತು. ಅವನು ಬಾಯಿಗೆ ಬೀಗ ಹಾಕಿಕೊಂಡ.

ಭಾನುವಾರ ಬೆಳಕು ಹರಿಯುವಾಗಲೇ ಕಿಟಕಿಯಿಂದ ಇಳಿದು ಪೂರ್ವದ ಗೋಡೆಗೆ ಪಾಚಿ ತುಂಬಲು ಶುರುಮಾಡಿದ. ಸ್ವಲ್ಪ ಹೊತ್ತಿಗೆ ರುಫೀನಾ ತಲೆಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡು ಏಣಿಯಲ್ಲಿ ಇಳಿದು ಬಂದಳು.

"ಒಳಗೆ ಹೋಗು. ನಿನ್ನ ಎದೆ ಏನಾಗ್ಬೇಕು?"

"ಎದೆಗೆ ಒಳ್ಳೇ ಗಾಳಿ ಬೇಕು ಅಂತ ಡಾಕ್ಟರೇ ಹೇಳಿದ್ದಾರೆ. ಇನ್ನೊಂದು ಕೊಡತಿ ಎಲ್ಲಿದೆ?"

"ಹೆಂಗಸರು ಮಾಡೋ ಕೆಲಸ ಅಲ್ಲ ಇದು."

"ಗಂಡಸು ಮಾಡಿದ್ದು ನೋಡಿದ್ನಲ್ಲಾ."

ಕೆಳಗಿನ ಸಾಲುಗಳನ್ನು ಅವಳು ಮುಕ್ಕಾಲಿಯ ಮೇಲೆ ಕೂತು ತುಂಬಿದಳು, ಮೇಲಿನದನ್ನು ಅವನು. ಈಗ ಕ್ರಮ ತಪ್ಪಲಿಲ್ಲ: ಪೂರ್ವ, ದಕ್ಷಿಣ, ಪಶ್ಚಿಮ, ಮತ್ತೆ ಮೇಲಿನ ಸಾಲು. ಪಾಚಿಯನ್ನು ಹೊಸೆದು ಸಂದಿಗೆ ಒತ್ತುವುದರಲ್ಲಿ ಅವಳ ಕೈ ಅವನಿಗಿಂತ ಚುರುಕು. ನಲವತ್ತು ವರ್ಷ ಹಿಟ್ಟು ಹೊಸೆದ ಕೈಯಲ್ಲವೇ. ಮಧ್ಯಾಹ್ನ ಜೊಸೀಮ ತನ್ನ ಕೊಡತಿ ತಂದು ಸೇರಿಕೊಂಡ. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಹೆಂಡ್ತಿ ಓಡಿಹೋಗ್ದೇ ಇರ್ಲಿ ಅಂತ ಬಾಗಿಲು ಕಚ್ಚಿಸಿದ್ರು ಅಂತ ಊರಲ್ಲಿ ಹೇಳ್ತಿದಾರೆ," ಎಂದ. ರುಫೀನಾ ನಕ್ಕಳು. ಅವೆನೀರ್ ಇನ್ನೂ ಜೋರಾಗಿ ಬಡಿದ. ಆ ಮಾತು ಅವನಿಗೆ ಚುಚ್ಚಿತ್ತು.

ಸೋಮವಾರ ಸಂಜೆ ಕೊನೆಯ ಸಾಲು ಮುಗಿದಾಗ ಮನೆ ಎಲ್ಲೋ ಒಳಗಿನಿಂದ ಒಮ್ಮೆ ನೆಟಿಕೆ ಮುರಿದ ಹಾಗೆ ಸದ್ದು ಮಾಡಿತು. ಅವೆನೀರ್ ಬಾಗಿಲಿಗೆ ಭುಜ ಕೊಟ್ಟ. ತೆರೆಯಿತು. ಮುಚ್ಚಿತು, ಮತ್ತೆ ತೆರೆಯಿತು. ಜೊಸೀಮ ಟೋಪಿ ತೆಗೆದು ಬಾಗಿಲಿಗೆ ನಮಸ್ಕಾರ ಮಾಡಿ ಮನೆಗೆ ಹೋದ. ರುಫೀನಾಳ ಚೀಲ ಇನ್ನೂ ಬಿಚ್ಚದೆ ಬೆಂಚಿನ ಮೇಲೆ ಇದ್ದಲ್ಲೇ ಇತ್ತು. ಅವೆನೀರ್ ಅದನ್ನು ನೋಡಿಯೂ ನೋಡದವನಂತೆ ಮಲಗಿದ.

ಮಂಗಳವಾರ ಪೊಕ್ರೋವ್ ಹಬ್ಬ, ಬಸ್ಸು ಹತ್ತು ಗಂಟೆಗೆ. ಅವನು ಎದ್ದಾಗ ಬೆಣ್ಣೆ ಕರಗಿದ ಪರಿಮಳ ಮನೆ ತುಂಬಿತ್ತು. ರುಫೀನಾ ಒಲೆಯ ಮುಂದೆ ತೆಳು ದೋಸೆಯಂಥ ಬ್ಲಿನಿ ಹುಯ್ಯುತ್ತಿದ್ದಳು. ಕಾವಲಿಯಿಂದ ಮೊದಲ ಬ್ಲಿನಿ ತೆಗೆದು, ತಟ್ಟೆಯಲ್ಲಿಟ್ಟು ನಾಲ್ಕು ತುಂಡು ಮಾಡಿದಳು. ಅವೆನೀರ್ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಆ ಹಬ್ಬದ ಬೆಳಗ್ಗೆ ಮೊದಲ ಬ್ಲಿನಿಯನ್ನು ಮನೆಯ ನಾಲ್ಕು ಮೂಲೆಗೆ ಇಡುತ್ತಾರೆ, ಮನೆ ಬೆಚ್ಚಗಿರಲಿ ಎಂದು. ಆದರೆ ಯಾವ ಹೆಂಗಸೂ ತಾನು ಚಳಿಗಾಲ ಕಳೆಯದ ಮನೆಗೆ ಅದನ್ನು ಇಡುವುದಿಲ್ಲ.

ರುಫೀನಾ ಇಡಲಿಲ್ಲ. ತಟ್ಟೆ ಹಿಡಿದು ಮನೆಯ ನಡುವೆ ನಿಂತಳು.

"ನಾಲ್ಕೂ ಗೋಡೆಗೆ ಪಾಚಿ ತುಂಬಿ, ಉಳಿದಿದ್ದನ್ನ ಬಾಯಿಗೂ ತುಂಬ್ಕೊಂಡ್ಯಾ ನೀನು? ಮೂರು ದಿನ ಆಯ್ತು. ಒಂದು ಮಾತು ಕೇಳ್ಲಿಲ್ಲ."

"ಏನು ಕೇಳ್ಲಿ ರುಫಾ? ಹೋದ ವರ್ಷ ನಿನ್ನ ಸಾಯಿಸ್ತಿದ್ದೆ."

"ಸಾಯಿಸ್ಲಿಲ್ಲವಲ್ಲ. ಮೊನ್ನೆ ಏಣಿ ಹತ್ತಿಸಿದೆ, ಅದಕ್ಕೂ ಸಾಯ್ಲಿಲ್ಲ. ಗೋಡೆ ಚೆನ್ನಾಗಿದೆ, ಅದನ್ನ ಬಂದ ದಿನವೇ ಹೇಳಿದೀನಿ. ಬಿಸಿನೀರಿನ ಕೊಳವೆ ಕಲೇರಿಯಾ ಮನೇಲಿದೆ, ಅಲ್ಲಿ ಬೆಚ್ಚಗಿರೋದೇನು ದೊಡ್ಡ ವಿಷಯ ಅಲ್ಲ. ನನಗೆ ಕರೆಯೋರು ಬೇಕು ವೇನ್ಯಾ. ಈ ವಯಸ್ಸಲ್ಲಿ ಯಾರೂ ಕರೀದೆ ಒಂದು ಮನೇಲಿ ಹೋಗಿ ಕೂತ್ಕೊಳ್ಳೋಕೆ ನನಗೆ ನಾಚಿಕೆ ಆಗುತ್ತೆ."

ದಿಮ್ಮಿಗಳ ತೆಪ್ಪವನ್ನು ಸುಳಿಯಿಂದ ಪಾರು ಮಾಡಿದವನಿಗೆ ಎರಡು ಮಾತು ಹೊರಗೆ ತರುವಷ್ಟರಲ್ಲಿ ಹಣೆಯಲ್ಲಿ ಬೆವರು ಬಂತು.

"ಇರು," ಎಂದ. "ಹೋಗ್ಬೇಡ. ನೀನಿಲ್ದೆ ನನಗೆ ಈ ಮನೇಲಿ ಚಳಿ ಆಗುತ್ತೆ."

"ಹಾಂ," ಎಂದಳು ರುಫೀನಾ. ಒಂದೊಂದೇ ಮೂಲೆಗೆ ಹೋಗಿ ತುಂಡು ಇಟ್ಟಳು. ಕೊನೆಯದನ್ನು ಮಂಚದ ಹಿಂದೆ ಬಗ್ಗಿ ಇಟ್ಟು, ಅಲ್ಲಿಂದಲೇ ತಿರುಗಿ ನೋಡದೆ ಹೇಳಿದಳು: "ಅಳ್ತಾ ನಿಂತ್ಕೋಬೇಡ. ಕಾವಲಿ ಮೇಲಿರೋದು ಸೀಯ್ತಿದೆ, ಮಗುಚು."

ಅವೆನೀರ್ ಕೈಯಿಂದ ಕಣ್ಣೊರೆಸಿಕೊಂಡು ಹೋಗಿ ಮಗುಚಿದ.