ವೈಯಕ್ತಿಕ ಕಾರಣ

ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ಕೆಲಸ ಬಿಡುವವರನ್ನು ಕೂರಿಸಿ ಕಾರಣ ಕೇಳಿ ಬರೆದುಕೊಳ್ಳುವುದು ಎಚ್‌ಆರ್ ಹೇಮಲತಾಳ ಪಾಲಿಗೆ ಬಂದಿತ್ತು. ಆರು ತಿಂಗಳಲ್ಲಿ ಮ್ಯಾನೇಜರ್ ಶಿವರಾಜ್‌ನ ಟೀಮಿನಿಂದಲೇ ಒಂಬತ್ತು ಜನ ಬಿಟ್ಟಿದ್ದರು. ಒಂಬತ್ತನೆಯವನು ಈರೇಶ್.

"ಅಪ್ಪನ ಆಪರೇಷನ್ ನಡೀತಿತ್ತು ಮೇಡಂ. ನಾನು ಆಸ್ಪತ್ರೆಯಲ್ಲೇ ಕೂತು ಫೋನಲ್ಲಿ ಮೀಟಿಂಗ್‌ನಲ್ಲಿದ್ದೆ. ಡಾಕ್ಟರ್ ಹೊರಗೆ ಬಂದು ಕರೆದ್ರೂ ಶಿವರಾಜ್ ಸಾರ್ ಮೀಟಿಂಗ್ ಬಿಟ್ಟು ಏಳೋಕೆ ಬಿಡ್ಲಿಲ್ಲ," ಎಂದ.

ಹೇಮಲತಾ ಅದನ್ನೇ ಬರೆದಳು. ಶಿವರಾಜ್ ಓದಿ, "ಇದನ್ನ ತೆಗೀರಿ. ವೈಯಕ್ತಿಕ ಕಾರಣ ಅಂತ ಹಾಕಿ. ಉಳಿದ ಎಂಟು ಜನಕ್ಕೂ ಹಾಗೇ ಹಾಕಿದ್ರಲ್ಲ," ಎಂದ.

ಹಾಕಿದ್ದು ನಿಜ. ಅವನಿಗಿಂತ ತನ್ನ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು ಬಂತು. ಒಂಬತ್ತೂ ಜನ ಹೇಳಿದ್ದ ನಿಜವಾದ ಕಾರಣಗಳನ್ನು ಹೆಡ್ಡಾಫೀಸಿಗೆ ಕಳಿಸಿದಳು.

ಅಲ್ಲಿಂದ ಬಂದ ಉತ್ತರ ಹೀಗಿತ್ತು: ಒತ್ತಡ ಕಡಿಮೆ ಮಾಡಲು ಪ್ರತಿ ಶನಿವಾರ ಬೆಳಗ್ಗೆ ಆರೂವರೆಗೆ ಯೋಗ, ಬರುವುದು ಕಡ್ಡಾಯ, ಹಾಜರಿ ತೆಗೆದುಕೊಳ್ಳುವವರು ಹೇಮಲತಾ.

ಅವಳ ಮೈ ಉರಿದುಹೋಯಿತು. "ಮೊದಲು ಶಿವರಾಜ್ ಅವರನ್ನು ಬದಲಾಯಿಸಿ. ನಾನು ಹಾಜರಿ ತೆಗೆದುಕೊಳ್ಳುವುದಿಲ್ಲ," ಎಂದು ಹೆಡ್ಡಾಫೀಸಿಗೆ ಬರೆದು, ಅದನ್ನೇ ಶಿವರಾಜ್‌ನ ಇಡೀ ಟೀಮಿಗೂ ಕಳಿಸಿದಳು. ಶನಿವಾರ ಯೋಗಕ್ಕೆ ಒಬ್ಬರೂ ಬರಲಿಲ್ಲ.

ಸೋಮವಾರ ಅವಳ ಐಡಿ ಕಾರ್ಡಿಗೆ ಆಫೀಸಿನ ಗೇಟು ತೆರೆಯಲಿಲ್ಲ. ಹೇಮಲತಾ ಅಳಲಿಲ್ಲ. ಅಲ್ಲೇ ಫುಟ್‌ಪಾತ್ ಮೇಲೆ ಕೂತು ಕಾರ್ಮಿಕ ಇಲಾಖೆಗೆ ದೂರು ಬರೆಯತೊಡಗಿದಳು.